ಹಿತ್ತಲ ಕೋಳಿಗೆ ಪ್ರಥಮ ಚಿಕಿತ್ಸೆ: ಮನೆಮದ್ದು ಎಲ್ಲಿ ನಾಟುತ್ತದೆ, ಎಲ್ಲಿ ನಾಟುವುದಿಲ್ಲ

ಕೋಳಿ ತನ್ನ ಕಾಯಿಲೆಯನ್ನು ಮುಚ್ಚಿಟ್ಟುಕೊಳ್ಳುತ್ತದೆ. ಸೊರಗಿದ್ದು ಕಂಡರೆ ಗುಂಪಿನ ಉಳಿದ ಕೋಳಿಗಳೇ ಕುಕ್ಕಲು ಶುರುಮಾಡುತ್ತವೆ. ಹಾಗಾಗಿ ಕಾಲಲ್ಲಿ ತ್ರಾಣ ಇರುವ ತನಕ ಅದು ಮೇಯುವವರ ಜೊತೆ ಮೇಯುತ್ತಿರುವಂತೆ ನಿಂತಿರುತ್ತದೆ. ರೆಕ್ಕೆ ಇಳಿಬಿಟ್ಟು, ಪುಕ್ಕ ಉಬ್ಬಿಸಿಕೊಂಡು, ಮೂಲೆಯಲ್ಲಿ ಕಣ್ಣು ಮುಚ್ಚಿ ತೂಕಡಿಸುವುದು ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಕಾಯಿಲೆ ಸಾಕಷ್ಟು ಮುಂದುವರಿದಿರುತ್ತದೆ. ಯಾವ ಸೊಪ್ಪು ಅರೆಯಲಿ, ಯಾವ ಎಣ್ಣೆ ಹಚ್ಚಲಿ ಎಂದು ಹುಡುಕುವುದರಲ್ಲಿ ಆ ಮೊದಲ ಗಂಟೆ ಕಳೆದುಹೋಗಬಾರದು. ಬೆಚ್ಚಗಿನ ಜಾಗ, ಅರೆಗತ್ತಲು, ಕುಡಿಯಲು ನೀರು, ಇಷ್ಟು ಮೊದಲು ಆಗಲಿ. ಮದ್ದಿನ ಮಾತು ಆಮೇಲೆ.

ಹಿಡಿಯುವುದು, ಬೇರೆ ಮಾಡುವುದು

ಕೋಳಿಗೆ ನಮಗಿರುವಂತೆ ಎದೆ-ಹೊಟ್ಟೆ ನಡುವಿನ ವಪೆ ಇಲ್ಲ. ಎದೆಮೂಳೆ ಮೇಲೆ ಕೆಳಗೆ ಆಡಿದರೆ ಮಾತ್ರ ಅದಕ್ಕೆ ಉಸಿರು. ಎದೆಯನ್ನು ಬಿಗಿಯಾಗಿ ಅವುಚಿ ಹಿಡಿದರೆ ಉಸಿರು ಕಟ್ಟಿ ಕೈಯಲ್ಲೇ ಸಾಯಬಹುದು, ಅದರಲ್ಲೂ ಮೊದಲೇ ಏದುಸಿರು ಬಿಡುತ್ತಿದ್ದರೆ. ಎರಡೂ ರೆಕ್ಕೆ ಮೈಗೆ ಸೇರುವಂತೆ ಟವೆಲ್ ಸಡಿಲವಾಗಿ ಸುತ್ತಿ, ಒಂದು ಅಂಗೈಯನ್ನು ಹೊಟ್ಟೆಯ ಕೆಳಗೆ ಕೊಟ್ಟು ಎತ್ತಿಕೊಳ್ಳಿ. ಕಣ್ಣಿನ ಮೇಲೆ ತೆಳು ಬಟ್ಟೆ ಇಳಿಬಿಟ್ಟರೆ ಅದು ತಾನಾಗಿ ತೆಪ್ಪಗಾಗುತ್ತದೆ.

ಮೈ ಮುಟ್ಟಿ ನೋಡಿ ಜ್ವರ ಎಂದುಕೊಳ್ಳಬೇಡಿ. ಆರೋಗ್ಯವಾಗಿರುವ ಕೋಳಿಯ ಮೈಶಾಖವೇ ಸುಮಾರು 41 ಡಿಗ್ರಿ ಸೆಲ್ಸಿಯಸ್. ರಟ್ಟಿನ ಪೆಟ್ಟಿಗೆಯ ತಳಕ್ಕೆ ಹಳೆ ಬಟ್ಟೆ ಹಾಸಿ, ಒಂದು ಬದಿಯಲ್ಲಿ ಮಾತ್ರ ಬಟ್ಟೆ ಸುತ್ತಿದ ಬಿಸಿನೀರ ಬಾಟಲಿ ಇಡಿ. ಆ ಬದಿ 27ರಿಂದ 30 ಡಿಗ್ರಿ ಇದ್ದರೆ ಸಾಕು. ಇನ್ನೊಂದು ಬದಿ ತಣ್ಣಗಿರಲೇಬೇಕು, ಸೆಕೆಯಾದಾಗ ಸರಿದುಕೊಳ್ಳಲು ಅದಕ್ಕೆ ಜಾಗ ಬೇಕು. ಬಿಸಿಲಿನ ಹೊಡೆತ ತಿಂದ ಕೋಳಿಗೆ ಬಿಸಿ ಬಾಟಲಿ ಕೊಡಬಾರದು. ಬಾಯಿ ತೆರೆದು ರೆಕ್ಕೆ ಅಗಲಿಸಿ ತೇಕುತ್ತಿದ್ದರೆ ನೆರಳಿಗೆ ತಂದು ಅದರ ಕಾಲನ್ನು ತಣ್ಣೀರಿನಲ್ಲಿ ನಿಲ್ಲಿಸಿ, ಜುಟ್ಟು ಒದ್ದೆ ಮಾಡಿ. ಐಸ್ ನೀರು ಬೇಡ. ಅದರಿಂದ ಚರ್ಮದ ರಕ್ತನಾಳಗಳು ಸಂಕುಚಿತಗೊಂಡು ಒಳಗಿನ ಬಿಸಿ ಒಳಗೇ ಉಳಿಯುತ್ತದೆ.

ಬೇರೆ ಇಟ್ಟಾಗ ಇನ್ನೊಂದು ಅನುಕೂಲವಿದೆ: ಎಷ್ಟು ತಿಂದಿತು, ಎಷ್ಟು ಕುಡಿಯಿತು, ಹಿಕ್ಕೆ ಹೇಗಿದೆ ಎಂಬುದೆಲ್ಲ ಲೆಕ್ಕಕ್ಕೆ ಸಿಗುತ್ತದೆ. ಹಿಕ್ಕೆಯ ಮೇಲಿನ ಬಿಳಿ ಟೋಪಿ ಸಹಜ. ನಡುನಡುವೆ ಬರುವ ಕಂದು ಬಣ್ಣದ, ಅಂಟಂಟಾದ, ಗಬ್ಬು ನಾರುವ ಹಿಕ್ಕೆಯೂ ಸಹಜವೇ. ಅದು ಕುರುಡುಕರುಳಿನಿಂದ ಬರುವುದು, ಬೇಧಿ ಅಲ್ಲ. ಹಸಿರು ನೀರಿನಂತಿದ್ದರೆ ಹೊಟ್ಟೆಗೆ ಏನೂ ಹೋಗಿಲ್ಲದಿರಬಹುದು. ರಕ್ತ ಕಂಡರೆ ಕಾಯಬೇಡಿ.

ನೀರು ಕುಡಿಸುವ ಬಗೆ

ದೊಡ್ಡ ಹೇಂಟೆ ದಿನಕ್ಕೆ ಸುಮಾರು ಕಾಲು ಲೀಟರ್ ನೀರು ಕುಡಿಯುತ್ತದೆ. ಸೊರಗಿದ ಕೋಳಿ ನೀರಿನ ತಟ್ಟೆಯ ತನಕವೂ ನಡೆಯುವುದಿಲ್ಲ. ಅದಕ್ಕೆ ಕೊಡಬಹುದಾದ ಉಪ್ಪು-ಸಕ್ಕರೆ ನೀರಿನ ಅಳತೆ ಹೀಗೆ: 4 ಲೀಟರ್ ನೀರಿಗೆ 1 ಟೀ ಚಮಚ ಉಪ್ಪು, 1 ಟೀ ಚಮಚ ಅಡುಗೆ ಸೋಡಾ, 1 ದೊಡ್ಡ ಚಮಚ (15 ಮಿಲಿ) ಸಕ್ಕರೆ. ಎಲ್ಲವೂ ಮಟ್ಟಸವಾಗಿ ತಲೆಸವರಿದ ಚಮಚ. ಒಂದೇ ಲೀಟರ್ ಸಾಕೆಂದರೆ ಉಪ್ಪು ಮತ್ತು ಸೋಡಾ ಕಾಲು ಕಾಲು ಟೀ ಚಮಚ, ಸಕ್ಕರೆ ಮುಕ್ಕಾಲು ಟೀ ಚಮಚ. ಕಣ್ಣಳತೆಯಲ್ಲಿ ಹಾಕಬೇಡಿ. ಕೋಳಿಗೆ ಉಪ್ಪು ಬೇಗ ವಿಷವಾಗುತ್ತದೆ. ಒಂದೆರಡು ದಿನಕ್ಕಿಂತ ಹೆಚ್ಚು ಇದನ್ನೇ ಕೊಡಬಾರದು, ಪಕ್ಕದಲ್ಲಿ ಬರೀ ನೀರೂ ಇರಬೇಕು, ಮತ್ತು ದಿನಾ ಹೊಸದಾಗಿ ಕಲಸಬೇಕು.

ಸಿರಿಂಜಿನಿಂದ ಗಂಟಲಿಗೆ ಸುರಿದು ಎಷ್ಟೋ ಕೋಳಿಗಳನ್ನು ಕಳೆದುಕೊಳ್ಳುತ್ತಾರೆ. ಬಾಯಿ ತೆರೆಸಿ ನೋಡಿದರೆ ನಾಲಿಗೆಯ ಬುಡದಲ್ಲೇ ಒಂದು ಸೀಳು ತೆರೆದು ಮುಚ್ಚುತ್ತಿರುವುದು ಕಾಣುತ್ತದೆ. ಅದು ಶ್ವಾಸನಾಳದ ಬಾಯಿ. ನೇರವಾಗಿ ಸುರಿದ ನೀರು ಹೋಗುವುದು ಅಲ್ಲಿಗೇ. ಕೊಕ್ಕಿನ ಬದಿಯ ಅಂಚಿಗೆ ಒಂದೊಂದೇ ತೊಟ್ಟು ಮುಟ್ಟಿಸಿ, ನುಂಗಿದ ಮೇಲೆ ಇನ್ನೊಂದು. ಕೊಕ್ಕಿನ ತುದಿಯನ್ನು ನೀರಿಗೆ ಅದ್ದಿದರೆ ಹಲವು ತಾವಾಗಿಯೇ ತಲೆ ಎತ್ತಿ ನುಂಗುತ್ತವೆ, ಅದೇ ಎಲ್ಲಕ್ಕಿಂತ ಕ್ಷೇಮ. ಪ್ರಜ್ಞೆ ಇಲ್ಲದ ಅಥವಾ ಕುತ್ತಿಗೆ ನಿಲ್ಲದ ಕೋಳಿಗೆ ಬಾಯಿಯಿಂದ ಏನನ್ನೂ ಹಾಕಬಾರದು.

ಗಾಯ

2 ಕಿಲೋ ತೂಕದ ಹೇಂಟೆಯ ಮೈಯಲ್ಲಿರುವ ರಕ್ತವೆಲ್ಲ ಸೇರಿ 120ರಿಂದ 150 ಮಿಲಿ, ಒಂದು ಸಣ್ಣ ಲೋಟದಷ್ಟು. ಆದ್ದರಿಂದ ರಕ್ತ ನಿಲ್ಲಿಸುವುದು ಮೊದಲು, ತೊಳೆಯುವುದು ನಂತರ. ಶುದ್ಧ ಬಟ್ಟೆ ಮಡಿಸಿ ಗಾಯದ ಮೇಲೆ ಒತ್ತಿ, ಗಡಿಯಾರ ನೋಡಿ 5 ನಿಮಿಷ ಹಿಡಿಯಿರಿ. ನಿಂತಿತಾ ಎಂದು ನಡುವೆ ಎತ್ತಿ ನೋಡಿದರೆ ಕಟ್ಟುತ್ತಿದ್ದ ರಕ್ತ ಮತ್ತೆ ಕಿತ್ತು ಬರುತ್ತದೆ. ಮುರಿದ ಉಗುರು, ಹರಿದ ಜುಟ್ಟಿಗೆ ಕಾರ್ನ್‌ಫ್ಲೋರ್ (ಮೆಕ್ಕೆಜೋಳದ ಪಿಷ್ಟ) ಒತ್ತಿ ಹಿಡಿಯಬಹುದು. ಆಳದ ಗಾಯಕ್ಕೆ ಯಾವ ಹಿಟ್ಟನ್ನೂ ತುಂಬಬೇಡಿ.

ತೊಳೆಯಲು ಉಪ್ಪುನೀರಿಗಿಂತ ಒಳ್ಳೆಯದು ಮನೆಯಲ್ಲಿ ಸಿಗುವುದಿಲ್ಲ. 1 ಲೀಟರ್ ನೀರು ಕುದಿಸಿ ಆರಿಸಿ, 9 ಗ್ರಾಂ ಉಪ್ಪು ಹಾಕಿ, ಅಂದರೆ ಸುಮಾರು ಒಂದೂವರೆ ಟೀ ಚಮಚ. ಇದು ಮೈಯೊಳಗಿನ ದ್ರವದಷ್ಟೇ ಉಪ್ಪಾಗಿರುವುದರಿಂದ ಗಾಯದ ಮಾಂಸವನ್ನು ಸುಡುವುದಿಲ್ಲ. ಸುತ್ತಲಿನ ಪುಕ್ಕವನ್ನು ಕತ್ತರಿಯಿಂದ ಕತ್ತರಿಸಿ (ಕೀಳಬೇಡಿ, ಚರ್ಮ ಜೊತೆಗೇ ಹರಿಯುತ್ತದೆ), 20 ಮಿಲಿ ಸಿರಿಂಜಿನಿಂದ ಮತ್ತೆ ಮತ್ತೆ ಹಾಯಿಸಿ. ಕಸ, ಪುಕ್ಕದ ಚೂರು, ಮಣ್ಣು ಹೊರಬರುವ ತನಕ ಅಂದರೆ ಕಡಿಮೆಯೆಂದರೂ 200 ಮಿಲಿ ಖರ್ಚಾಗಬೇಕು. ನಾಲ್ಕು ಹನಿ ಒರೆಸಿದರೆ ಅದು ತೊಳೆದಂತಲ್ಲ. ಆಮೇಲೆ ಪೊವಿಡೋನ್ ಅಯೋಡಿನ್ ಅನ್ನು ಹಾಲಿಲ್ಲದ ತಿಳಿ ಚಹಾದ ಬಣ್ಣಕ್ಕೆ ಬರುವಷ್ಟು ನೀರು ಬೆರೆಸಿ ಒಮ್ಮೆ ಹಾಯಿಸಿ. ಹೈಡ್ರೋಜನ್ ಪೆರಾಕ್ಸೈಡ್ ನೊರೆ ಬರುವುದನ್ನು ನೋಡಿ ಶುದ್ಧವಾಯಿತು ಅನಿಸುತ್ತದೆ, ಆದರೆ ಹೊಸದಾಗಿ ಬೆಳೆಯುತ್ತಿರುವ ಮಾಂಸವನ್ನೂ ಅದು ಕೊಲ್ಲುತ್ತದೆ. ಸ್ಪಿರಿಟ್ ಕೂಡ ಹಾಗೆಯೇ.

ಇನ್ನು ಮನೆಮದ್ದಿಗೆ ಬಂದರೆ, ತೊಳೆದ ಗಾಯಕ್ಕೆ ಜೇನುತುಪ್ಪ ನಿಜಕ್ಕೂ ಕೆಲಸ ಮಾಡುತ್ತದೆ. ಅದರ ಸಕ್ಕರೆಯ ಸಾಂದ್ರತೆ ಕ್ರಿಮಿಗಳಿಂದ ನೀರನ್ನು ಎಳೆದುಕೊಳ್ಳುತ್ತದೆ, ಹುಳಿ ಗುಣ ಅವುಗಳನ್ನು ಬೆಳೆಯಲು ಬಿಡುವುದಿಲ್ಲ, ಗಾಯವೂ ಒಣಗಿ ಬಿರಿಯದೆ ಹಸಿಯಾಗಿರುತ್ತದೆ. ಸಕ್ಕರೆ ಪಾಕ ಬೆರೆಸದ ಜೇನು ಬೇಕು. ತೆಳುವಾಗಿ ಹಚ್ಚಿ ಗಾಜ್ ಬಟ್ಟೆ ಮುಚ್ಚಿ, ದಿನಕ್ಕೊಮ್ಮೆ ತೊಳೆದು ಹೊಸದಾಗಿ ಹಚ್ಚಬೇಕು. ಇರುವೆಯ ಕಾಟ ಮರೆಯಬೇಡಿ. ಜೇನು ಹಚ್ಚಿದ ಕೋಳಿಯನ್ನು ನೆಲದ ಮೇಲೆ ಬಿಟ್ಟರೆ ರಾತ್ರಿ ಕಳೆಯುವುದರೊಳಗೆ ಇರುವೆ ಮುತ್ತುತ್ತದೆ. ಪಂಜರವನ್ನು ಎತ್ತರಿಸಿ ಅದರ ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ನಿಲ್ಲಿಸಿ.

ಅರಿಶಿನ ಜುಟ್ಟಿನ ತರಚು, ಮೇಲ್ಮೈ ಗೀರುಗಳಿಗೆ ಸರಿ. ಎಣ್ಣೆಯಲ್ಲಿ ಕಲಸಿ ತೆಳುವಾಗಿ ಹಚ್ಚಿ. ಆಳದ ಗಾಯಕ್ಕೆ ಪುಡಿಯನ್ನು ಮೆತ್ತಿದರೆ ಒಸರುವ ನೀರಿನ ಜೊತೆ ಗಟ್ಟಿ ಹಳದಿ ಪದರವಾಗಿ, ಒಳಗೆ ಏನು ನಡೆಯುತ್ತಿದೆ ಎಂಬುದೇ ಕಾಣದಂತಾಗುತ್ತದೆ.

ಕೋಳಿಯ ಕೀವು ನಮ್ಮದರಂತೆ ಹರಿದು ಹೋಗುವುದಿಲ್ಲ. ಅದನ್ನು ಕರಗಿಸುವ ಕಿಣ್ವ ಅವುಗಳ ಬಿಳಿ ರಕ್ತಕಣಗಳಲ್ಲಿ ಇಲ್ಲದ್ದರಿಂದ ಅದು ಗಿಣ್ಣಿನಂತೆ ಗಟ್ಟಿಯಾಗಿ ಉಳಿಯುತ್ತದೆ. ಆದ್ದರಿಂದಲೇ ಆಳದ ಗಾಯವನ್ನು ಮನೆಯಲ್ಲಿ ಹೊಲಿಯಬಾರದು, ಅಂಟು ಹಾಕಿ ಮುಚ್ಚಬಾರದು. ತೆರೆದಿಟ್ಟರೆ ಅಂಗೈಯಗಲ ಚರ್ಮ ಹರಿದಿದ್ದರೂ ಕೆಲವು ವಾರಗಳಲ್ಲಿ ಮೈಗೂಡುವುದುಂಟು. ಬೆಕ್ಕು, ನಾಯಿ ಕಚ್ಚಿದ ಗಾಯ ಮಾತ್ರ ಬೇರೆ. ಹೊರಗೆ ಸೂಜಿಮೊನೆಯಷ್ಟು ತೂತು ಕಂಡರೂ ಹಲ್ಲಿನ ಕ್ರಿಮಿ ಆಳಕ್ಕೆ ಇಳಿದಿರುತ್ತದೆ. ಅಂದೇ ಪಶುವೈದ್ಯರಿಂದ ಆಂಟಿಬಯೋಟಿಕ್ ಕೊಡಿಸಬೇಕು, ಜೇನಿಗೆ ಅಲ್ಲಿ ತನಕ ಕೈ ಎಟುಕದು.

ನೊಣದ ಮೊಟ್ಟೆ ಒಂದು ದಿನದೊಳಗೆ ಹುಳುವಾಗುತ್ತದೆ. ಗಾಯದಲ್ಲೋ ಹೊಲಸು ಮೆತ್ತಿದ ಹಿಂಬದಿಯಲ್ಲೋ ಹುಳು ಕಂಡರೆ ಉಪ್ಪುನೀರು ಜೋರಾಗಿ ಹಾಯಿಸಿ, ಚಿಮುಟದಿಂದ ಒಂದೊಂದೇ ತೆಗೆದು, ಆರೆಂಟು ಗಂಟೆ ಬಿಟ್ಟು ಮತ್ತೆ ನೋಡಿ. ಒಂದೇ ಸಲಕ್ಕೆ ಎಲ್ಲವೂ ಸಿಗುವುದಿಲ್ಲ. ನೊಣ ಬಾರದಂತೆ ಸೊಳ್ಳೆಪರದೆಯೊಳಗೆ ಇಡಿ. ಗಾಯ ಪೂರ್ತಿ ಮುಚ್ಚಿ ಕೆಂಪು ಮಾಯುವ ತನಕ ಗುಂಪಿಗೆ ಬಿಡಬೇಡಿ, ಕೆಂಪು ಕಂಡಲ್ಲಿ ಕುಕ್ಕುವುದು ಅವುಗಳ ಹುಟ್ಟುಗುಣ.

ಮೊಟ್ಟೆ ಸಿಕ್ಕಿಕೊಂಡಾಗ

ಒಂದು ಮೊಟ್ಟೆ ತಯಾರಾಗಲು 25-26 ಗಂಟೆ ಬೇಕು, ಹಾಗಾಗಿ ಒಂದು ದಿನ ಮೊಟ್ಟೆ ಇಡದಿದ್ದರೆ ಗಾಬರಿ ಬೇಡ. ನಿಲ್ಲುವ ಭಂಗಿ ನೋಡಿ. ಬೆನ್ನು ನೆಟ್ಟಗೆ ಮಾಡಿ, ಬಾಲ ಕೆಳಗಿಳಿಸಿ, ಕಾಲು ಅಗಲಿಸಿ ಪೆಂಗ್ವಿನ್ ಥರ ನಿಂತು, ಬಾಲವನ್ನು ಪಂಪಿನಂತೆ ಆಡಿಸುತ್ತ ಮುಕ್ಕರಿಯುತ್ತಿದ್ದರೆ, ಗೂಡಿಗೆ ಹೋಗಿ ಬರಿಗೈಲಿ ಬರುತ್ತಿದ್ದರೆ, ಮೊಟ್ಟೆ ಸಿಕ್ಕಿಕೊಂಡಿರುವ ಸಂಭವ ಹೆಚ್ಚು.

ಟಬ್ಬಿನಲ್ಲಿ 38ರಿಂದ 40 ಡಿಗ್ರಿ ನೀರು ತುಂಬಿ. ಮೊಣಕೈ ಅದ್ದಿದರೆ ಹಿತವಾಗಿರಬೇಕು, ಚುರುಕ್ ಎನ್ನಬಾರದು. ಹೊಟ್ಟೆ ಮುಳುಗುವಷ್ಟು ನೀರಿನಲ್ಲಿ 15-20 ನಿಮಿಷ ಕೂರಿಸಿ, ಆರಿದಂತೆ ಬಿಸಿನೀರು ಸೇರಿಸುತ್ತಿರಿ. ಬಹುತೇಕ ಹೇಂಟೆಗಳು ಎರಡು ನಿಮಿಷದಲ್ಲಿ ಒದ್ದಾಟ ಬಿಟ್ಟು ಕಣ್ಣು ಅರೆಮುಚ್ಚಿ ಕೂರುತ್ತವೆ. ಹೊರತೆಗೆದು ಬುಡದ ತನಕ ಒಣಗಿಸಿ, ಒದ್ದೆ ಮೈಯಲ್ಲಿ ಬಿಟ್ಟರೆ ಶೀತ ಹಿಡಿದು ಅದೇ ದೊಡ್ಡದಾಗುತ್ತದೆ. ಕೈಗವಸು ಹಾಕಿದ ಬೆರಳಿಗೆ ಅಡುಗೆ ಎಣ್ಣೆ ಹಚ್ಚಿ ದ್ವಾರದ ಒಳಅಂಚಿಗೆ ಸವರಿ. ಎರಡು ಸೆಂಟಿಮೀಟರ್ ಒಳಗೆ ಗಟ್ಟಿ ಚಿಪ್ಪು ತಾಗಿದರೆ ಅನುಮಾನ ನಿಜವಾಯಿತು. ಅಲ್ಲಿಗೆ ನಿಲ್ಲಿಸಿ. ಬೆಚ್ಚಗಿನ ಕತ್ತಲಲ್ಲಿ ಒಂದು ಗಂಟೆ ಬಿಟ್ಟು, ಬಾರದಿದ್ದರೆ ಸ್ನಾನ ಮತ್ತೊಮ್ಮೆ. ಹೊಟ್ಟೆ ಹಿಂಡಬೇಡಿ, ಯಾವ ಕಾರಣಕ್ಕೂ ಮೊಟ್ಟೆಯನ್ನು ಒಳಗೇ ಒಡೆಯಬೇಡಿ. ಚಿಪ್ಪಿನ ಅಂಚು ಮೊಟ್ಟೆನಾಳವನ್ನು ಸೀಳಿದರೆ, ಲೋಳೆ ಹೊಟ್ಟೆಯೊಳಗೆ ಹರಡಿ ನಂಜಾಗುತ್ತದೆ. ಎರಡು ಸ್ನಾನಕ್ಕೂ ಬಾರದಿದ್ದರೆ ವೈದ್ಯರ ಹತ್ತಿರ ಹೋಗಿ, ಅಲ್ಲಿ ಕೊಡುವ ಕ್ಯಾಲ್ಸಿಯಂ ಸ್ನಾಯುಗಳಿಗೆ ತಕ್ಷಣ ಬಲ ಕೊಡುತ್ತದೆ.

ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಹೋಗುತ್ತದೆ. ಮೇವಿನಲ್ಲಿ ಅದು ಸಾಲದಿದ್ದರೆ ಹೇಂಟೆ ತನ್ನ ಮೂಳೆಯಿಂದಲೇ ಕೊಡುತ್ತದೆ. ಮೊಟ್ಟೆ ಚಿಪ್ಪನ್ನು ತೊಳೆದು, ಗರಿಗರಿಯಾಗುವಂತೆ ಬಿಸಿ ಮಾಡಿ, ಮೂಲ ಆಕಾರ ಗುರುತು ಸಿಗದಂತೆ ಪುಡಿ ಮಾಡಿ ಬೇರೆ ಬಟ್ಟಲಿನಲ್ಲಿ ಇಡಿ. ಮೇವಿಗೆ ಕಲಸಬೇಡಿ, ಹುಂಜಕ್ಕೂ ಮರಿಗಳಿಗೂ ಅಷ್ಟು ಕ್ಯಾಲ್ಸಿಯಂ ಮೂತ್ರಪಿಂಡಕ್ಕೆ ಹೊರೆ. ಇದು ಬಾರದಂತೆ ತಡೆಯುವ ಉಪಾಯ, ಸಿಕ್ಕಿಕೊಂಡ ಮೊಟ್ಟೆಗೆ ಮದ್ದಲ್ಲ.

ಮೊಟ್ಟೆಯ ಹಿಂದೆ ಕೆಂಪು ಮಾಂಸ ಹೊರಬಂದಿದ್ದರೆ ತಣ್ಣನೆ ಉಪ್ಪುನೀರಿನಿಂದ ತೊಳೆದು, ಜೇನು ಸವರಿ ಹತ್ತು ನಿಮಿಷ ಬಿಟ್ಟರೆ ಬಾವು ಇಳಿಯುತ್ತದೆ. ಎಣ್ಣೆ ಹಚ್ಚಿದ ಬೆರಳಿನಿಂದ ಮೆಲ್ಲಗೆ ಒಳಗೆ ಸರಿಸಿ, ಕತ್ತಲಲ್ಲಿ ಒಂಟಿಯಾಗಿ ಇಡಿ. ಮತ್ತೆ ಮತ್ತೆ ಹೊರಬಂದರೆ, ಬಣ್ಣ ಕಪ್ಪಾದರೆ, ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ಗಂಟಲ ಚೀಲ

ಕುತ್ತಿಗೆಯ ಬುಡದಲ್ಲಿ ಬಲಕ್ಕೆ ಇರುವ ಈ ಚೀಲ ರಾತ್ರಿ ತುಂಬಿರಬೇಕು, ಬೆಳಗ್ಗೆ ಮೇವಿಗೆ ಮುಂಚೆ ಚಪ್ಪಟೆಯಾಗಿರಬೇಕು. ಬೆಳಗ್ಗೆಯೂ ಮಣ್ಣಿನ ಉಂಡೆಯಂತೆ ಗಟ್ಟಿಯಾಗಿದ್ದರೆ ಉದ್ದ ಹುಲ್ಲು, ನಾರು ಸಿಕ್ಕಿಕೊಂಡಿದೆ ಎಂದರ್ಥ. ಮೇವು ನಿಲ್ಲಿಸಿ, ನೀರು ಇಡಿ. 5 ಮಿಲಿ ಅಡುಗೆ ಎಣ್ಣೆಯನ್ನು ತೊಟ್ಟು ತೊಟ್ಟಾಗಿ ಕೊಟ್ಟು, ಉಂಡೆಯನ್ನು ಬೆರಳುಗಳ ನಡುವೆ ಐದು ನಿಮಿಷ ಮೆಲ್ಲಗೆ ಮಿದಿಯಿರಿ. ದಿನಕ್ಕೆ ಮೂರ್ನಾಲ್ಕು ಸಲ. ಎರಡು ದಿನದಲ್ಲಿ ಮೆತ್ತಗಾಗದಿದ್ದರೆ ವೈದ್ಯರು ತೆರೆದು ತೆಗೆಯಬೇಕಾದೀತು. ನೀರು ತುಂಬಿದ ಬಲೂನಿನಂತೆ ಲೊಳಗುಟ್ಟುತ್ತ, ಬಾಯಿಂದ ಹುಳಿ ವಾಸನೆ ಬರುತ್ತಿದ್ದರೆ ಅದು ಯೀಸ್ಟ್ ಬೆಳೆದದ್ದು. ಅದಕ್ಕೆ ಸಕ್ಕರೆ, ಬೆಲ್ಲ, ಬ್ರೆಡ್ ಯಾವುದನ್ನೂ ಕೊಡಬೇಡಿ, ಯೀಸ್ಟಿಗೆ ಅದೇ ಊಟ. ಶಿಲೀಂಧ್ರನಾಶಕ ಔಷಧವೇ ಬೇಕು. ತಲೆಕೆಳಗಾಗಿ ಹಿಡಿದು ವಾಂತಿ ಮಾಡಿಸುವ ರೂಢಿ ಇದೆ. ದಯವಿಟ್ಟು ಬಿಡಿ. ಆ ದ್ರವ ಶ್ವಾಸನಾಳಕ್ಕೆ ಇಳಿದು ನಿಮಿಷಗಳಲ್ಲಿ ಕೋಳಿ ಸತ್ತುಹೋಗುತ್ತದೆ.

ಕಾಲು

ಕಾಲಿನ ಪೊರೆಗಳು ಎದ್ದು, ಸುಣ್ಣ ಹಿಡಿದಂತೆ ಬಿಳಿಯಾಗಿ ದಪ್ಪವಾದರೆ ಅದು ಪೊರೆಯಡಿ ಸೇರಿರುವ ನುಸಿ. ಬೆಚ್ಚಗಿನ ಸಾಬೂನು ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಹಳೆಯ ಮೆದು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಒರೆಸಿ, ಪೆಟ್ರೋಲಿಯಂ ಜೆಲ್ಲಿ ಅಥವಾ ಗಟ್ಟಿ ಎಣ್ಣೆಯನ್ನು ಬೆರಳುಗಳ ಸಂದಿಗೂ ಸೇರುವಂತೆ ಬಳಿಯಿರಿ. ನುಸಿ ಉಸಿರುಗಟ್ಟಿ ಸಾಯುತ್ತದೆ. ಎರಡು ಮೂರು ದಿನಕ್ಕೊಮ್ಮೆ, ಮೂರ್ನಾಲ್ಕು ವಾರ ಬಿಡದೆ ಮಾಡಬೇಕು. ಒಂದು ವಾರಕ್ಕೆ ಕೈಬಿಡುವುದರಿಂದಲೇ ಇದು ಮರಳಿ ಬರುವುದು. ಪೊರೆ ಕೀಳಬೇಡಿ. ಸೀಮೆಎಣ್ಣೆ ನುಸಿಯ ಜೊತೆ ಚರ್ಮವನ್ನೂ ಸುಡುತ್ತದೆ.

ಅಂಗಾಲು ಊದಿ ಕೆಂಪಾಗಿ ಹೊಳೆಯುತ್ತಿದ್ದರೆ, ಇನ್ನೂ ಕಪ್ಪು ಚಕ್ಕೆ ಕಟ್ಟಿಲ್ಲದಿದ್ದರೆ, 1 ಲೀಟರ್ ಬೆಚ್ಚಗಿನ ನೀರಿಗೆ 2 ದೊಡ್ಡ ಚಮಚ ಎಪ್ಸಂ ಉಪ್ಪು ಹಾಕಿ 10-15 ನಿಮಿಷ ನೆನೆಸಿ. ಆ ನೀರು ಕುಡಿದರೆ ಬೇಧಿ, ಕೊಕ್ಕು ಅದ್ದಲು ಬಿಡಬೇಡಿ. ಒರೆಸಿ, ಅಯೋಡಿನ್ ಹಚ್ಚಿ, ಗಾಜ್ ಮೆತ್ತೆ ಇಟ್ಟು ಬೆರಳುಗಳ ನಡುವಿನಿಂದ ಪಟ್ಟಿ ಸುತ್ತಿ. ಬೆರಳ ತುದಿ ತಣ್ಣಗಾದರೆ ಪಟ್ಟಿ ಬಿಗಿಯಾಗಿದೆ ಎಂದರ್ಥ. ಕಪ್ಪು ಚಕ್ಕೆಯ ಹಿಂದೆ ಗಟ್ಟಿ ಕೀವಿನ ಬೇರು ಇಳಿದಿರುತ್ತದೆ. ಅದನ್ನು ಮನೆಯಲ್ಲಿ ಕೊರೆದರೆ ಸ್ನಾಯುರಜ್ಜು ತುಂಡಾಗಬಹುದು. ಈ ಕ್ರಿಮಿ ನಮ್ಮ ಕೈಯ ಗಾಯಕ್ಕೂ ಹತ್ತುತ್ತದೆ, ಆದ್ದರಿಂದ ಕೈಗವಸು ಕಡ್ಡಾಯ. ಕೂರುವ ಕೋಲು ಎತ್ತರವಾಗಿದ್ದು ದಿನಾ ಧುಮುಕುವುದು, ಕೋಲಿನ ಸಿಬಿರು, ಒದ್ದೆ ನೆಲ ಇವು ಕಾರಣ. ಕೋಲನ್ನು ಅರ್ಧ ಮೀಟರಿಗಿಂತ ಕೆಳಗಿಳಿಸಿ.

ಹೇನು, ಕೂರೆ

ಹೇನು ಹಗಲಲ್ಲೂ ಮೈಮೇಲೆ ಇರುತ್ತದೆ. ಹಿಂಬದಿಯ ಪುಕ್ಕ ಬಿಡಿಸಿದರೆ ಬುಡದಲ್ಲಿ ಬಿಳಿ ಮೊಟ್ಟೆಗಳ ಗೊಂಚಲು ಕಾಣುತ್ತದೆ. ಕೆಂಪು ಕೂರೆ ಹಗಲು ಕೋಲಿನ ಬಿರುಕಿನಲ್ಲಿ ಅಡಗಿದ್ದು ರಾತ್ರಿ ರಕ್ತ ಹೀರಲು ಬರುತ್ತದೆ. ಕತ್ತಲಾದ ಎರಡು ಗಂಟೆ ನಂತರ ಬಿಳಿ ಕಾಗದದಿಂದ ಕೋಲಿನ ಅಡಿಭಾಗ ಒರೆಸಿ ಟಾರ್ಚ್ ಬೆಳಕಿನಲ್ಲಿ ನೋಡಿ. ಕೆಂಪು ಗೀರು ಮೂಡಿದರೆ ಅದು ನಿಮ್ಮ ಕೋಳಿಗಳ ರಕ್ತ. ಕೂರೆಗೆ ಕೋಳಿಯ ಮೈಗೆ ಮದ್ದು ಹಾಕಿದರೆ ಸಾಲದು, ಗೂಡಿಗೆ ಹಾಕಬೇಕು. ರಕ್ತ ಸಿಗದೆಯೂ ಅದು ತಿಂಗಳುಗಟ್ಟಲೆ ಬದುಕುತ್ತದೆ.

1 ಲೀಟರ್ ಬೆಚ್ಚಗಿನ ನೀರಿಗೆ 1 ಟೀ ಚಮಚ ಪಾತ್ರೆ ತೊಳೆಯುವ ದ್ರವ ಬೆರೆಸಿ, ಆಮೇಲೆ 2 ಟೀ ಚಮಚ ಬೇವಿನೆಣ್ಣೆ ಹಾಕಿ ಹಾಲಿನಂತಾಗುವ ತನಕ ಕುಲುಕಿ. ಸಾಬೂನಿಲ್ಲದೆ ಎಣ್ಣೆ ಮೇಲೆ ತೇಲಿ ಬರೀ ನೀರು ಸಿಂಪಡಿಸಿದಂತಾಗುತ್ತದೆ. ಕೋಳಿಗಳನ್ನು ಹೊರಬಿಟ್ಟು, ಹಾಸು ಗುಡಿಸಿ ತೆಗೆದು, ಪ್ರತಿ ಸಂದಿಗೂ ಹೊಡೆದು ಒಣಗಲು ಬಿಡಿ. ಐದಾರು ದಿನಕ್ಕೊಮ್ಮೆ ಕನಿಷ್ಠ ಮೂರು ಸಲ, ಏಕೆಂದರೆ ಮೊಟ್ಟೆಗಳು ಮೊದಲ ಸಿಂಪಡಣೆಗೆ ಸಾಯುವುದಿಲ್ಲ. ಹೊರಳಾಡಲು ಒಣಮಣ್ಣು, ಮರಳು, ಪೂರ್ತಿ ಆರಿದ ಕಟ್ಟಿಗೆ ಬೂದಿ ಸೇರಿಸಿದ ಗುಂಡಿ ಇರಲಿ. ಮಳೆಯಲ್ಲಿ ನೆನೆದ ಬೂದಿ ಕ್ಷಾರವಾಗಿ ಚರ್ಮ ಸುಡುತ್ತದೆ, ಮೇಲೆ ಸೂರು ಬೇಕು.

ಮರಿಗಳು

ಮರಿಯ ಹಿಂಬದಿಗೆ ಹಿಕ್ಕೆ ಅಂಟಿ ಮುಚ್ಚಿಹೋದರೆ ಒಂದೆರಡು ದಿನದಲ್ಲಿ ಸಾಯುತ್ತದೆ. ಬೆಚ್ಚನೆ ನೀರಿನ ಹತ್ತಿಯನ್ನು ಅದರ ಮೇಲೆ ಇಟ್ಟು ತಾನಾಗಿ ಕರಗಲು ಬಿಡಿ, ಎಳೆದರೆ ಚರ್ಮ ಬರುತ್ತದೆ. ಹೊಟ್ಟೆಯ ಮಧ್ಯದ ಒಣ ಗಂಟು ಹೊಕ್ಕುಳು, ಅದನ್ನು ಮುಟ್ಟಬೇಡಿ. ಕಾವಿನ ಜಾಗ ಮೊದಲ ವಾರ ಸುಮಾರು 35 ಡಿಗ್ರಿ, ಆಮೇಲೆ ವಾರಕ್ಕೆ 3 ಡಿಗ್ರಿ ಇಳಿಸುತ್ತ ಬನ್ನಿ.

ಕಾಲು ಇಬ್ಬದಿಗೆ ಜಾರಿದ ಮರಿಗೆ ನುಣುಪು ಕಾಗದದ ಬದಲು ಒರಟು ಬಟ್ಟೆ ಹಾಸಿ. ಅಂಟುಪಟ್ಟಿಯ ತೆಳು ಎಳೆಯಿಂದ ಎರಡು ಕಾಲಿಗೂ ಬಳೆಯಂತೆ ಸುತ್ತಿ, ನಡುವೆ ಮರಿ ಸಹಜವಾಗಿ ನಿಲ್ಲುವಷ್ಟೇ, ಸುಮಾರು 2.5 ಸೆಂಟಿಮೀಟರ್ ಅಂತರ ಬಿಟ್ಟು ಜೋಡಿಸಿ. ಹುಟ್ಟಿದ ಮೊದಲ ಎರಡು ದಿನದಲ್ಲಿ ಕಟ್ಟಿದರೆ ಮೂರರಿಂದ ಐದು ದಿನದಲ್ಲಿ ನೆಟ್ಟಗಾಗುತ್ತದೆ, ವಾರ ಕಳೆದರೆ ಕಷ್ಟ.

ಮೂರರಿಂದ ಎಂಟು ವಾರದ ಮರಿಗಳಲ್ಲಿ ರಕ್ತಬೇಧಿ ಕಂಡರೆ ಅದಕ್ಕೆ ಕಾರಣ ಹೆಚ್ಚಾಗಿ ಕಾಕ್ಸಿಡಿಯಾ ಎಂಬ ಕರುಳಿನ ಪರಾವಲಂಬಿ. ಇದಕ್ಕೆ ಮನೆಮದ್ದು ಇಲ್ಲವೇ ಇಲ್ಲ. ಬೆಳ್ಳುಳ್ಳಿ, ಮಜ್ಜಿಗೆ ಎಂದು ಒಂದು ದಿನ ಕಳೆದರೆ ಅರ್ಧ ಮರಿ ಹೋಗಬಹುದು. ಆಂಪ್ರೋಲಿಯಂ ನೀರಿಗೆ ಹಾಕಿ ಕೊಡುವುದು ವಾಡಿಕೆ. ಅದು ವಿಟಮಿನ್ ಬಿ1ರ ವೇಷದಲ್ಲಿ ಹೋಗಿ ಪರಾವಲಂಬಿಯನ್ನು ಉಪವಾಸ ಕೆಡಹುತ್ತದೆ. ಆದ್ದರಿಂದ ಆ ದಿನಗಳಲ್ಲಿ ವಿಟಮಿನ್ ಬಿ ಟಾನಿಕ್ ಕೊಟ್ಟರೆ ಔಷಧದ ಕೆಲಸವೇ ಕೆಡುತ್ತದೆ.

ಬೆಳ್ಳುಳ್ಳಿ, ವಿನೆಗರ್, ಕುಂಬಳಬೀಜ

ಇವು ಮೂರೂ ಜಂತುಹುಳುವಿಗೆ ಎಂದು ಎಲ್ಲರ ಬಾಯಲ್ಲೂ ಇವೆ. ಹುಳು ತುಂಬಿದ ಕೋಳಿಯನ್ನು ಇವುಗಳ ಮೇಲೆ ಬಿಡಬೇಡಿ. ಹಿಕ್ಕೆ ಪರೀಕ್ಷೆ ಮಾಡಿಸಿ ತಕ್ಕ ಔಷಧ ಕೊಡಿಸಿ, ಮೊಟ್ಟೆಯನ್ನು ಎಷ್ಟು ದಿನ ತಿನ್ನಬಾರದು ಎಂದೂ ಕೇಳಿ ಬರೆದಿಟ್ಟುಕೊಳ್ಳಿ. ಕುಂಬಳಬೀಜ ಒಳ್ಳೆಯ ಮೇವು, ಅಷ್ಟೇ. ಬೆಳ್ಳುಳ್ಳಿ ಅತಿಯಾದರೆ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತದೆ, ಆಗೊಮ್ಮೆ ಈಗೊಮ್ಮೆ ಒಂದೆಸಳು ಜಜ್ಜಿ ಮೇವಿಗೆ ಹಾಕಿದರೆ ತೊಂದರೆಯಿಲ್ಲ. ಸೇಬಿನ ವಿನೆಗರ್ ಕೊಡುವುದಾದರೆ 4 ಲೀಟರಿಗೆ 1 ದೊಡ್ಡ ಚಮಚ, ಪ್ಲಾಸ್ಟಿಕ್ ಪಾತ್ರೆಯಲ್ಲಿ ಮಾತ್ರ. ಸತುವು ಲೇಪಿಸಿದ ತಗಡಿನ ಪಾತ್ರೆಯಲ್ಲಿ ಹಾಕಿದರೆ ಹುಳಿಗೆ ಸತುವು ಕರಗಿ ಕೋಳಿಗೆ ವಿಷವಾಗುತ್ತದೆ.

ಮುಟ್ಟದೆ ಫೋನ್ ಮಾಡಬೇಕಾದದ್ದು

ಒಂದೆರಡು ದಿನದಲ್ಲಿ ಹಲವು ಕೋಳಿ ಸಾಲಾಗಿ ಸತ್ತರೆ, ಮುಖ ಊದಿ ಜುಟ್ಟು ನೇರಳೆ ಬಣ್ಣಕ್ಕೆ ತಿರುಗಿದರೆ, ಕುತ್ತಿಗೆ ತಿರುಚಿಕೊಂಡು ಹಸಿರು ಬೇಧಿ ಜೊತೆಗೂಡಿದರೆ, ಅದು ಹಕ್ಕಿಜ್ವರ ಅಥವಾ ಕೊಕ್ಕರೆ ರೋಗ ಆಗಿರಬಹುದು. ಸತ್ತದ್ದನ್ನು ಕೊಯ್ದು ನೋಡಬೇಡಿ, ಮಾರಬೇಡಿ, ಯಾರಿಗೂ ಕೊಡಬೇಡಿ, ಉಳಿದವನ್ನು ಬೇರೆಡೆ ಸಾಗಿಸಬೇಡಿ. ಪಶುವೈದ್ಯ ಇಲಾಖೆಗೆ ತಿಳಿಸಿ. ಅವರು ಬರುವ ತನಕ ಗೂಡಿಗೆ ಹಾಕಿಕೊಂಡು ಹೋದ ಚಪ್ಪಲಿಯನ್ನು ಗೂಡಿನ ಬಾಗಿಲಲ್ಲೇ ಬಿಡಿ, ಕೈಯನ್ನು ಸಾಬೂನು ಹಚ್ಚಿ ತೊಳೆದುಕೊಳ್ಳಿ, ಮಕ್ಕಳನ್ನು ಹತ್ತಿರ ಬಿಡಬೇಡಿ.